ಹವಾಮಾನದ ಮುಖ

ಇಪ್ಪತ್ತೆರಡು ವರ್ಷವಾಯಿತು ಈ ಕುರ್ಚಿಯ ಹಿಂದೆ ನಿಂತು.
ಮಂತ್ರಿಗಳ ಬೆವರು ಒರೆಸಿದ್ದೇನೆ,
ಕುಸ್ತಿಯವರ ಮುರಿದ ಮೂಗಿಗೆ ನೆರಳು ತೀಡಿದ್ದೇನೆ.
ಆದರೆ ಎನೆರೆಲ್, ಮುಟ್ಟುವ ಮೊದಲೇ ಕೆಂಪಾಗುವ ಮುಖ
ನನ್ನ ಕೈಗೆ ಬಂದದ್ದು ನಿನ್ನದೇ ಮೊದಲು.

ಹೊರಗೆ ಉಲಾನ್‌ಬಾತರ್, ಮೈನಸ್ ಮೂವತ್ತೊಂದು.
ಗುಡ್ಡದ ಗುಡಾರಗಳಿಂದ ಇಳಿದ ಕಲ್ಲಿದ್ದಲ ಹೊಗೆ
ಕಿಟಕಿಗೆ ಒರಗಿ ನಿಂತಿದೆ, ಬಾಕಿ ಬಾಡಿಗೆ ಕೇಳುವವನ ಹಾಗೆ.
ಒಳಗೆ ಬಿಸಿನೀರ ಕೊಳವೆ ಗೋಡೆಯುದ್ದಕ್ಕೂ ಕುದಿದು
ಗಾಳಿಯ ಕೊನೆಯ ಪಸೆಯನ್ನೂ ಹೀರಿದೆ.
ನಿನ್ನ ರೆಪ್ಪೆಯ ಮೇಲೆ, ಬಾಯಿಯ ಎರಡೂ ಮೂಲೆಯಲ್ಲಿ,
ಕಿವಿಯ ಬುಡದಲ್ಲಿ
ಇಸುಬು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ.
ಕೆನ್ನೆಯದಕ್ಕೆ ನೋಡು,
ಸುತ್ತ ಹನ್ನೆರಡು ಬಲ್ಬು ಉರಿಯುವ ಕನ್ನಡಿ.

ಮೊದಲ ದಿನ ನಾನೇ ತಪ್ಪಿದೆ.
ಎಲ್ಲರಿಗೂ ಬಳಿಯುವುದನ್ನೇ ನಿನಗೂ ಬಳಿದೆ,
ಗುಲಾಬಿ ವಾಸನೆಯ ದಪ್ಪ ಕ್ರೀಮು, ಮೇಲೆ ಪೌಡರು.
ಏಳು ನಿಮಿಷಕ್ಕೆ ಒಡೆಯಿತು
ಗೋಬಿಯ ಉಪ್ಪುಕೆರೆಯ ತಳದಂತೆ.
ಉತ್ತರಕ್ಕೆಲ್ಲ ಹಿಮ ಎಂದು ನಗುತ್ತ ಓದುತ್ತ
ಮೇಜಿನ ಕೆಳಗೆ ಮಣಿಕಟ್ಟು ಕೆರೆದುಕೊಳ್ಳುತ್ತಿದ್ದೆ.
ತೆರೆಯ ಮೇಲೆ ನಿನ್ನ ಭುಜ ಮಾತ್ರ ಅಲುಗುತ್ತಿತ್ತು.
ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಈಗ ಹೀಗೆ:
ನಲವತ್ತು ನಿಮಿಷ ಮುಂಚೆ ಬಾ.
ಬ್ರಷ್ಷು ಬೇಡ; ಬೆರಳು ಸಾಕು,
ತೊಳೆದ ಬೆರಳು, ಉಗುರು ಬುಡದವರೆಗೆ ಕತ್ತರಿಸಿದ್ದು.
ಡಾಕ್ಟರ ಮುಲಾಮು ಡಾಕ್ಟರು ಹೇಳಿದಷ್ಟೇ,
ಆಮೇಲೆ ವಾಸನೆಯಿಲ್ಲದ ಜಿಡ್ಡು,
ಆಮೇಲೆ ಏನೂ ಇಲ್ಲ.
ಚರ್ಮ ಕುಡಿಯಲಿ, ಕಾಯೋಣ.
ಉಪ್ಪು ಹಾಕಿದ ಹಾಲಿನ ಚಹಾ ನೀನೂ ಕುಡಿ.

ಹಾಗೆ ಕಾಯುವಾಗಲೇ ಒಮ್ಮೆ ಹೇಳಿದೆ:
ಶಾಲೆಯ ಕುಣಿತಕ್ಕೆ ಕೈ ಕೈ ಹಿಡಿಯಬೇಕಾದಾಗ
ಪಕ್ಕದ ಹುಡುಗ ತೋಳನ್ನು ಕೆಳಗೆಳೆದು
ಬಟ್ಟೆಯೊಳಗಿಂದ ನಿನ್ನ ಕೈ ಹಿಡಿದನೆಂದು.
ನಾನು ಸ್ಪಾಂಜು ಹಿಂಡುತ್ತಿದ್ದೆ.
ಎರಡು ಸಲ ಹಿಂಡಿದೆ.

ಹೊಸ ಡಬ್ಬಿ ಬಂದರೆ ಮೊದಲು ಮೊಣಕೈ ಮಡಿಕೆಗೆ, ಮೂರು ದಿನ,
ಹೊಸ ಅಳಿಯನನ್ನು ನೋಡುವ ಹಾಗೆ, ಅನುಮಾನದಿಂದ.
ಬಿರಿದ ಜಾಗಕ್ಕೆ ಹಚ್ಚುವುದಿಲ್ಲ.
ಸುತ್ತಲಿನ ಬಣ್ಣ ಮೆಲ್ಲಗೆ ಅದರತ್ತ ನಡೆದು
ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಲ್ಲಲಿ.

ನಿರ್ದೇಶಕ ಪುರೆವ್ ಇಣುಕಿ ಗೊಣಗಿದ:
ಇನ್ನೂ ಸ್ವಲ್ಪ ಮುಚ್ಚಮ್ಮ,
ಈ ಹೊಸ ಕ್ಯಾಮೆರಾಗೆ ಸೊಳ್ಳೆಯ ರೆಪ್ಪೆಯೂ ಕಾಣುತ್ತದೆ.
ಆ ದೀಪವನ್ನು ಒಂದು ಮಾರು ಹಿಂದೆ ಸರಿಸು ಎಂದೆ,
ಅದು ನಿನ್ನ ಕೆಲಸ, ಇದು ನನ್ನದು.
ಸರಿಸಿದ. ನನ್ನ ಇಪ್ಪತ್ತೆರಡು ವರ್ಷದಲ್ಲಿ
ಅದರಷ್ಟು ಒಳ್ಳೆಯ ಫೌಂಡೇಶನ್ನು ಸಿಕ್ಕಿಲ್ಲ.

ಜನವರಿಯ ಆ ಬುಧವಾರ ಕಣ್ಣು ಊದಿಸಿಕೊಂಡು ಬಂದೆ.
ದುಲ್ಮಾ ಅಕ್ಕ, ಇವತ್ತು ಬೇಡ.
ಬಣ್ಣ ಬೇಡವೋ, ಕ್ಯಾಮೆರಾ ಬೇಡವೋ, ಕೇಳಲಿಲ್ಲ.
ಜಿಡ್ಡಷ್ಟೇ ಹಚ್ಚಿದೆ. ಸುಮ್ಮನೆ ಎದ್ದು
ನೀನೇ ಹೋಗಿ ದೀಪದೆದುರು ಕೂತೆ.
ಪಶ್ಚಿಮದಿಂದ ಬಿರುಗಾಳಿ, ಕುರಿಗಳನ್ನು ದೂರ ಬಿಡಬೇಡಿ ಎಂದೆ.

ಮೂರು ಫೋನು ಬಂದವು.
ಒಬ್ಬಳು, ಗಾಳಿ ಸಂಜೆಗೋ ನಡುರಾತ್ರಿಗೋ ಎಂದಳು.
ಇನ್ನೊಬ್ಬಳಿಗೆ ನಿನ್ನ ಕೋಟು ಎಲ್ಲಿಯದೆಂದು ಬೇಕಿತ್ತು.
ಎರಡೇ ಫೋನು ಎಂದಿದ್ದೆ ನಿನಗೆ.
ಮೂರನೆಯವನು, ಆ ಹುಡುಗಿಯ ಮುಖಕ್ಕೇನು ಬಂತು ಎಂದ.
ಚಳಿ ಎಂದು ಇಟ್ಟುಬಿಟ್ಟೆ.

ಹಚ್ಚುವುದು ಏನೂ ಅಲ್ಲ. ತೆಗೆಯುವುದೇ ಕಷ್ಟ.
ಎಣ್ಣೆಯಲ್ಲದ್ದಿದ ಹತ್ತಿ ಇಟ್ಟು ಹತ್ತು ಎಣಿಸಬೇಕು,
ಉಜ್ಜಬಾರದು.
ನಿನ್ನೆ ಆರು ಎಣಿಸುವಷ್ಟರಲ್ಲಿ ನಿನಗೆ ಜೊಂಪು ಹತ್ತಿತು.
ನಿದ್ದೆಯಲ್ಲೇ ನಿನ್ನ ಕೈ ಕೆನ್ನೆಯ ಕಡೆಗೆ ಏರಿತು.
ಹಿಡಿದುಕೊಂಡೆ.
ಬರಿಗೈಯಲ್ಲಿ.
ಕೊನೆಯ ಬಸ್ಸು ಹೋದ ಸದ್ದು ಕೇಳಿಸಿತು,
ಹಿಡಿದೇ ಕೂತಿದ್ದೆ.